ಹೂದೋಟಕ್ಕೆ ಆಡು ಶತ್ರುವೇ?

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಮನೆಯ ಬಳಿ ಮಲ್ಲಿಗೆ ಬೆಳೆಸುವವರಿಗೆ ಇದು ಬರಿಯ ಗಾದೆಯಲ್ಲ, ಅನುಭವ. ಹೂವು ಬೇಕೆಂದರೆ ಆಡು ಬೇಡ, ಆಡು ಬೇಕೆಂದರೆ ಹೂವಿನ ಆಸೆ ಬಿಡಬೇಕು ಎಂದು ಹಲವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ಆ ಸತ್ಯವನ್ನು ನೋಡೋಣ. ಭಟ್ಕಳ ಮಲ್ಲಿಗೆಯನ್ನು ಸಸ್ಯಶಾಸ್ತ್ರಜ್ಞರು ಜಾಸ್ಮಿನಮ್ ಸಂಬಕ್ ಎಂದು ಕರೆಯುತ್ತಾರೆ. ಇದರ ಮೊಗ್ಗು ಮೂಡುವುದು ಹೊಸ ಚಿಗುರಿನಲ್ಲಿ. ಗಿಡವನ್ನು ವರ್ಷಕ್ಕೊಮ್ಮೆ ಸವರುವುದೂ ಹೊಸ ಚಿಗುರು ಬರಲೆಂದೇ. ಆದರೆ ನಮ್ಮ ಕತ್ತರಿ ಸವರಿದ ಮೇಲೆ ಗಿಡಕ್ಕೆ ಬಿಡುವು ಕೊಡುತ್ತದೆ. ಆಡಿನ ಬಾಯಿ ಕೊಡುವುದಿಲ್ಲ. ಚಿಗುರಿದಂತೆಲ್ಲ ಮೇಯುವ ಆಡಿನಿಂದ ಮಲ್ಲಿಗೆಗೆ ಹಾನಿ ಖಂಡಿತ.

ಇನ್ನು ನೆಲದ ಸಂಗತಿ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುತ್ತದೆ. ನೀರಿನಲ್ಲಿ ಕರಗುವ ಸಾರಜನಕವು ಈ ಮಳೆಯೊಡನೆ ಬೇರಿನ ಕೆಳಕ್ಕೆ ಇಳಿದುಹೋಗುತ್ತದೆ. ಕೆಂಪು ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೀಗಾಗಿ ಹಣ ಕೊಟ್ಟು ತಂದ ರಸಗೊಬ್ಬರದ ಒಂದು ಪಾಲು ಗಿಡಕ್ಕೆ ದಕ್ಕದೆ ಹೋಗುತ್ತದೆ. ಈ ಮಣ್ಣಿಗೆ ಮುಖ್ಯವಾಗಿ ಬೇಕಾದದ್ದು ಸಾವಯವ ಪದಾರ್ಥ. ಅದು ತೇವವನ್ನೂ ಪೋಷಕಾಂಶಗಳನ್ನೂ ಹಿಡಿದಿಟ್ಟು, ಸೂಕ್ಷ್ಮಜೀವಿಗಳ ಮೂಲಕ ನಿಧಾನವಾಗಿ ಬಿಡುಗಡೆ ಮಾಡುತ್ತದೆ.

ಇಲ್ಲಿಯೇ ಆಡು ಮಿತ್ರನಾಗುತ್ತದೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ 0.5 ಇದ್ದರೆ, ಆಡಿನ ಒಣ ಹಿಕ್ಕೆಯಲ್ಲಿ ಶೇಕಡಾ 2ರಿಂದ 3ರವರೆಗೆ ಇರಬಲ್ಲದು. ಕೋಳಿಗೊಬ್ಬರವೂ ಹೆಚ್ಚುಕಡಿಮೆ ಅಷ್ಟೇ ಸತ್ತ್ವಯುತ. ರಂಜಕ ಅದರಲ್ಲಿ ಇನ್ನೂ ಅಧಿಕ. ಆದರೆ ಹಸಿ ಕೋಳಿಗೊಬ್ಬರವನ್ನು ಬುಡಕ್ಕೆ ಸುರಿಯಬಾರದು. ಅದರಿಂದ ಹೊರಡುವ ಅಮೋನಿಯಾ ಬೇರನ್ನು ಸುಡುತ್ತದೆ. ದರಕಿನೊಡನೆ ಗುಂಡಿಯಲ್ಲಿ ಕೊಳೆಸಿ, ಮಳೆನೀರು ಬೀಳದಂತೆ ಮಾಡು ಹೊದಿಸಿ, ಅನಂತರ ಬಳಸಬೇಕು.

ಹಾಗಾದರೆ ಬಿಡಬೇಕಾದದ್ದು ಆಡನ್ನಲ್ಲ, ಆಡನ್ನು ಅಡ್ಡಾಡಲು ಬಿಡುವ ರೂಢಿಯನ್ನು. ಎರಡು ಮೂರು ಆಡುಗಳನ್ನು ನೆಲದಿಂದ ಎತ್ತರದ ಹಲಗೆಯ ಮೇಲೆ ಕೂಡಿಹಾಕಿ ಸಾಕಿದರೆ ಹಿಕ್ಕೆಯೂ ಒಂದೆಡೆ ಸಿಗುತ್ತದೆ, ಮಳೆಗಾಲದ ಕೆಸರಿನಿಂದ ಗೊರಸೂ ಉಳಿಯುತ್ತದೆ.

ಸೊಪ್ಪು ತರುವವರಾರು ಎಂದು ಕೇಳಬಹುದು. ಇದು ನ್ಯಾಯವಾದ ಆಕ್ಷೇಪ. ಮಲ್ಲಿಗೆ ಅರಳುವ ಮೊದಲೇ ಮೊಗ್ಗು ಕೊಯ್ದು ಕಟ್ಟುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು. ಸೊಪ್ಪಿನ ಹೊರೆಯನ್ನೂ ಅವರ ತಲೆಗೇ ಏರಿಸಿ, ಅದನ್ನು ಪ್ರಗತಿಯೆಂದು ಕರೆಯುವುದನ್ನು ನಾವು ಒಪ್ಪೆವು. ದೂರದ ಬೆಟ್ಟವನ್ನು ಬೋಳಿಸುವುದೂ ತರವಲ್ಲ. ಬೇಲಿಯಲ್ಲಿಯೇ ಗ್ಲಿರಿಸಿಡಿಯಾ, ಹಲಸು ಮುಂತಾದವನ್ನು ಬೆಳೆಸಬೇಕು. ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳಬೇಕು.

ಆದಾಯದ ದೃಷ್ಟಿಯಿಂದಲೂ ಈ ಜೋಡಿ ಯೋಗ್ಯ. ಬೇಸಗೆಯಲ್ಲಿ ತುಂಬಿ ಅರಳುವ ಮಲ್ಲಿಗೆ ಮಳೆಗಾಲದಲ್ಲಿ ಕೈಕೊಡುತ್ತದೆ. ಅದರ ಬೆಲೆಯೂ ಹಬ್ಬ ಮದುವೆಗಳನ್ನು ನೋಡಿ ಏರಿಳಿಯುತ್ತದೆ. ಸುಮಾರು 150 ದಿನಗಳಲ್ಲಿ ಮರಿಹಾಕುವ ಆಡು, ಆಗಾಗ ಮೊಟ್ಟೆಯಿಡುವ ಕೋಳಿ ಆ ಕೊರತೆಯ ದಿನಗಳಿಗೆ ಆಸರೆ. ಆದರೆ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸದಿದ್ದರೆ ಗೂಡೆಲ್ಲ ಕೆಲವೇ ದಿನಗಳಲ್ಲಿ ಬರಿದಾಗಬಹುದು.

ವಿದ್ಯಾರ್ಥಿ ಮಿತ್ರರು ರಜೆಯಲ್ಲಿ ಒಂದು ಕೆಲಸ ಮಾಡಲಿ. ಮನೆಯ ಎರಡು ಸಾಲು ಮಲ್ಲಿಗೆಯಲ್ಲಿ ಒಂದಕ್ಕೆ ಕೊಳೆತ ಹಿಕ್ಕೆ ಹಾಕಿ, ಇನ್ನೊಂದನ್ನು ಎಂದಿನಂತೆ ಬಿಟ್ಟು, ಎರಡರ ಹೂವನ್ನೂ ಬೇರೆಬೇರೆಯಾಗಿ ತೂಗಿ ಬರೆದಿಡಲಿ. ಪಕ್ಕದಲ್ಲಿ ತಾಯಿ ದುಡಿದ ಗಂಟೆಗಳನ್ನೂ ಬರೆಯಲಿ. ಆ ಲೆಕ್ಕವಿಲ್ಲದೆ ಯಾವ ಬೇಸಾಯವನ್ನೂ ಲಾಭದಾಯಕವೆಂದು ಹೇಳುವ ಹಕ್ಕು ನಮಗಿಲ್ಲ.