ಬಾಗಿಲಿಗೆ ನೋಟಿಸು ಅಂಟುವ ಮೊದಲು

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು,
ತುಮಕೂರು ಜಿಲ್ಲೆ.

ವಿಷಯ: ಗೃಹಸಾಲದ ಕಂತು ಕಟ್ಟಲಾಗದೆ ಮನೆ ಹರಾಜಿನ ಭೀತಿಯಲ್ಲಿರುವ ಕುಟುಂಬಗಳಿಗೆ ಕನ್ನಡದಲ್ಲಿ ಮಾಹಿತಿ ಹಾಗೂ ತಾಲ್ಲೂಕು ಮಟ್ಟದಲ್ಲಿ ನೆರವು ಒದಗಿಸುವ ಬಗ್ಗೆ.

ಮಾನ್ಯರೇ,

ನಾನು ಗುಬ್ಬಿಯಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಬ್ಯಾಂಕಿನಿಂದಲೋ ಫೈನಾನ್ಸ್ ಕಂಪನಿಯಿಂದಲೋ ಇಂಗ್ಲಿಷ್ ಕಾಗದ ಬಂದರೆ ಪರಿಚಯದವರು "ಮೇಷ್ಟ್ರೇ, ಇದೇನು ಸ್ವಲ್ಪ ನೋಡಿ" ಎಂದು ತಂದುಕೊಡುತ್ತಾರೆ. ಗುಬ್ಬಿ, ಕುಣಿಗಲ್, ತುಮಕೂರಿನ ಕ್ಯಾತ್ಸಂದ್ರ, ಬಟವಾಡಿ ಕಡೆಯವರೂ ಹೀಗೆ ಬಂದಿದ್ದಾರೆ. ಸಾಲ ಮನ್ನಾ ಮಾಡಿಸಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ಪಡೆದ ಸಾಲ ತೀರಿಸಲೇಬೇಕು; ಬ್ಯಾಂಕಿನಲ್ಲಿರುವುದೂ ನಮ್ಮಂಥವರ ಠೇವಣಿಯೇ. ಮನೆ ಉಳಿಸಿಕೊಳ್ಳಲು ಕಾಯ್ದೆಯೇ ಕೊಟ್ಟಿರುವ ಕಾಲಾವಕಾಶ ಯಾರಿಗೂ ತಿಳಿಯದೆ ಕಳೆದುಹೋಗುತ್ತಿದೆ ಎಂಬುದು ನನ್ನ ದೂರು.

ಕುಣಿಗಲ್ ಕಡೆಯ ಒಬ್ಬ ಹೆಣ್ಣುಮಗಳು ತಂದ ಕಾಗದವನ್ನೇ ಹೇಳುತ್ತೇನೆ. ಗಂಡ ತೀರಿಕೊಂಡ ಮೇಲೆ ಕಂತು ನಿಂತಿತ್ತು. ರಿಜಿಸ್ಟರ್ ಅಂಚೆಯಲ್ಲಿ ಬಂದ ಲಕೋಟೆಯನ್ನು ಆಕೆ ದೇವರ ಪಟದ ಹಿಂದೆ ಇಟ್ಟಿದ್ದರು. ಬಿಡಿಸಿ ನೋಡಿದರೆ, ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ, 2002ರ 13(2)ನೇ ಕಲಮಿನ ನೋಟಿಸು. ಅಸಲು, ಬಡ್ಡಿ, ದಂಡಶುಲ್ಕ, ಎಲ್ಲವೂ ಇಂಗ್ಲಿಷಿನಲ್ಲಿ. ಅರವತ್ತು ದಿನದ ಗಡುವು ಕೊನೆಯ ಪುಟದಲ್ಲಿತ್ತು. ಅದರಲ್ಲಿ ಬಹುಪಾಲು ಆಗಲೇ ಮುಗಿದಿತ್ತು. ಸಾಲ ಕೊಡುವಾಗ ಗಂಡನ ಹೆಸರಿನಲ್ಲಿ ವಿಮೆಯ ಕಂತನ್ನೂ ಹಿಡಿದುಕೊಂಡಿದ್ದರು ಎಂಬುದು ಸಾಲದ ಕಡತ ತೆಗೆಸಿ ನೋಡಿದಾಗಲೇ ಆಕೆಗೆ ಗೊತ್ತಾದದ್ದು.

ಕಂತು ತಪ್ಪಿಸುವವರೆಲ್ಲ ಮೈಗಳ್ಳರಲ್ಲ. 2022ರ ಮೇ ಆರಂಭದಲ್ಲಿ ಶೇ 4ರಷ್ಟಿದ್ದ ರಿಸರ್ವ್ ಬ್ಯಾಂಕಿನ ರೆಪೊ ದರ 2023ರ ಫೆಬ್ರವರಿ ಹೊತ್ತಿಗೆ ಶೇ 6.5ಕ್ಕೆ ಏರಿತು; ಅದರೊಂದಿಗೆ ಗೃಹಸಾಲದ ಬಡ್ಡಿಯೂ ಏರಿತು. ಶೇ 7ರ ಬಡ್ಡಿಗೆ, ಇಪ್ಪತ್ತು ವರ್ಷಕ್ಕೆ 20 ಲಕ್ಷ ರೂಪಾಯಿ ಸಾಲ ತೆಗೆದವರ ತಿಂಗಳ ಕಂತು ಸುಮಾರು 15,500 ರೂಪಾಯಿ. ಅದೇ ಸಾಲಕ್ಕೆ ಬಡ್ಡಿ ಶೇ 9.5 ಆದರೆ ಮೊದಲ ತಿಂಗಳ ಬಡ್ಡಿಯೇ 15,800 ದಾಟುತ್ತದೆ. ಹಳೆಯ ಕಂತನ್ನೇ ತಪ್ಪದೆ ಕಟ್ಟಿದರೂ ಅಸಲು ಕರಗುವುದಿಲ್ಲ, ಬೆಳೆಯುತ್ತದೆ. ಇದನ್ನು ತಡೆಯಲೆಂದೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಸುತ್ತೋಲೆ ಹೊರಡಿಸಿತು. ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೇ, ಅವಧಿ ಹೆಚ್ಚಿಸಬೇಕೇ ಎಂದು ಸಾಲಗಾರರನ್ನು ಕೇಳಬೇಕು. ಸ್ಥಿರ ಬಡ್ಡಿಗೆ ಬದಲಾಯಿಸಿಕೊಳ್ಳುವ ಅವಕಾಶ ಕೊಡಬೇಕೆಂಬ ಕಡ್ಡಾಯವೂ 2025ರವರೆಗೆ ಇತ್ತು. ದಂಡಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲವೆಂದು ಅದೇ ದಿನದ ಇನ್ನೊಂದು ಸುತ್ತೋಲೆ ಹೇಳುತ್ತದೆ. ನನ್ನ ಬಳಿ ಬಂದವರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. 2025ರಲ್ಲಿ ರೆಪೊ ದರ ಇಳಿದಿದೆ. ತಮ್ಮ ಸಾಲದ ಬಡ್ಡಿ ಇಳಿದಿದೆಯೇ ಎಂದು ಶಾಖೆಯಲ್ಲಿ ಕೇಳಿದವರೂ ಇಲ್ಲ.

ಕಂತು ನಿಂತು ತೊಂಬತ್ತು ದಿನ ದಾಟಿದರೆ ಸಾಲ ಎನ್‌ಪಿಎ (ಅನುತ್ಪಾದಕ ಸಾಲ) ಆಗುತ್ತದೆ. ಅದಕ್ಕೂ ಮೊದಲೇ ಶಾಖೆಗೆ ಹೋಗಿ, ಅವಧಿ ಹೆಚ್ಚಿಸಿ ಅಥವಾ ಕಂತನ್ನು ಮರುಹೊಂದಿಸಿ ಎಂದು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು ಮೊದಲ ದಾರಿ. 13(2)ರ ನೋಟಿಸು ಬಂದ ಮೇಲೂ ಅರವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಒಪ್ಪದಿದ್ದರೆ ಹದಿನೈದು ದಿನದೊಳಗೆ ಕಾರಣ ಸಹಿತ ಉತ್ತರ ಕೊಡುವುದು ಬ್ಯಾಂಕಿನ ಕರ್ತವ್ಯ. ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಮನೆಯನ್ನು ತಾವೇ ಮಾರಿ ಸಾಲ ತೀರಿಸಬಹುದು. ಹರಾಜಿಗಿಂತ ಒಳ್ಳೆಯ ಬೆಲೆ ಬರುವುದು ಸಾಮಾನ್ಯವಾಗಿ ಹೀಗೆಯೇ. ಒಂದೇ ಸಲದ ತೀರುವಳಿಗೆ ಮಾತುಕತೆ ನಡೆಸಬಹುದು, ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಸೇವೆಯಲ್ಲಿ ಲೋಪವಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನ ಕಾದು, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರಬಹುದು.

ಮನೆ ಸ್ವಾಧೀನದ ಕ್ರಮ ಶುರುವಾದ ಮೇಲೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು ನಲವತ್ತೈದು ದಿನವಿದೆ. ಅದು ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಸೋತರೆ ಮೇಲ್ಮನವಿಗೆ ಚೆನ್ನೈಗೆ ಹೋಗಬೇಕು, ಬಾಕಿಯ ಅರ್ಧದಷ್ಟು ಠೇವಣಿ ಇಡಬೇಕು. ಮಂಡಳಿ ಕರುಣೆ ತೋರಿದರೂ ಕಾಲು ಭಾಗಕ್ಕಿಂತ ಕಡಿಮೆ ಮಾಡುವಂತಿಲ್ಲ. ದಿನಗೂಲಿ ಬಿಟ್ಟು ಗುಬ್ಬಿಯಿಂದ ತುಮಕೂರಿಗೆ ಹೋಗುವುದೇ ಕಷ್ಟವಾದವರಿಗೆ ಈ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಬಾಕಿ ಪೂರ್ತಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಎಂದು 2023ರಲ್ಲಿ ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ತಡವಾಗಿ ತಿಳಿದುಕೊಂಡ ಮನೆಯವರಿಗೆ ಹಣ ಹೊಂದಿಸಿ ತಂದರೂ ಪ್ರಯೋಜನವಿರುವುದಿಲ್ಲ.

ಸ್ವಾಧೀನದ ಪ್ರಕಟಣೆಯನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು ಎಂಬ ನಿಯಮವಿದೆ. ಅಂದರೆ ಮನೆ ಕೈಬಿಟ್ಟು ಹೋಗುವ ಹೊತ್ತಿಗೆ, ಊರೆಲ್ಲ ಓದುವಂತೆ, ವಿಷಯ ಕನ್ನಡದಲ್ಲಿ ಬರುತ್ತದೆ. ಉಳಿಸಿಕೊಳ್ಳಲು ಸಾಧ್ಯವಿದ್ದ ದಿನಗಳಲ್ಲಿ ಮನೆಯವರ ಕೈಗೆ ಬಂದದ್ದು ಇಂಗ್ಲಿಷ್. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ವ್ಯವಹರಿಸಬೇಕೆಂದು ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ವಿಧಿಸಿರುವ ಸಂಹಿತೆ ಹೇಳುತ್ತಿರುವಾಗ ಇದು ದೊಡ್ಡ ಅನ್ಯಾಯ.

ಮಾನ್ಯರೇ, ಮನೆಯ ಸ್ವಾಧೀನಕ್ಕೆ ನೆರವು ಕೋರಿ ಸರ್ಫೇಸಿ ಕಾಯ್ದೆಯ 14ನೇ ಕಲಮಿನಡಿ ಸಲ್ಲಿಸುವ ಅರ್ಜಿ ತಮ್ಮ ಮೇಜಿಗೂ ಬರುತ್ತದೆ. ಸಾಲದ ತಕರಾರನ್ನು ವಿಚಾರಣೆ ಮಾಡುವ ಅಧಿಕಾರ ಅಲ್ಲಿ ತಮಗಿಲ್ಲವೆಂದು ಬಲ್ಲೆ. ತಮ್ಮ ಕೈಯಲ್ಲಿ ಇರುವುದನ್ನಷ್ಟೇ ಬೇಡುತ್ತೇನೆ:

1. ಸಾಲಗಾರರ ಆಕ್ಷೇಪಣೆ ಪರಿಶೀಲಿಸಿ ಉತ್ತರ ಕೊಟ್ಟಿದ್ದೇವೆಂದು ಬ್ಯಾಂಕು ಆ ಅರ್ಜಿಯೊಂದಿಗೆ ಅಫಿಡವಿಟ್ ಸಲ್ಲಿಸಬೇಕು. ಆಕ್ಷೇಪಣೆ ಬಂದಿದ್ದರೆ ಉತ್ತರದ ಪ್ರತಿಯನ್ನೂ ತರಿಸಿ ನೋಡಿದ ಮೇಲಷ್ಟೇ ಆದೇಶ ಮಾಡಬೇಕು.

2. ತಹಶೀಲ್ದಾರರು ಸ್ವಾಧೀನಕ್ಕೆ ಹೋಗುವ ದಿನವನ್ನು ಮನೆಯವರಿಗೆ ಮುಂಚಿತವಾಗಿ ಕನ್ನಡದಲ್ಲಿ ತಿಳಿಸಬೇಕು. ಹಾಸಿಗೆ ಹಿಡಿದ ವೃದ್ಧರು, ಬಾಣಂತಿಯರು, ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಗಳಿಗೆ ಸಾಮಾನು ಸಾಗಿಸಲು ಸಮಯ ಕೊಡಿಸಬೇಕು.

3. ತಮ್ಮ ಅಧ್ಯಕ್ಷತೆಯ ಬ್ಯಾಂಕರುಗಳ ಜಿಲ್ಲಾ ಸಮಿತಿ ಸಭೆಯಲ್ಲಿ, 13(2)ರ ಪ್ರತಿ ನೋಟಿಸಿನ ಜೊತೆಗೆ ಒಂದು ಪುಟದ ಕನ್ನಡ ಸಾರಾಂಶ ಲಗತ್ತಿಸುವಂತೆ ಎಲ್ಲ ಬ್ಯಾಂಕುಗಳಿಂದ ಒಪ್ಪಿಗೆ ಪಡೆಯಬೇಕು. ಬಾಕಿ ಎಷ್ಟು, ಗಡುವು ಯಾವತ್ತು, ಆಕ್ಷೇಪಣೆ ಯಾರಿಗೆ, ಸಾಲಗಾರರ ಹೆಸರಿನಲ್ಲಿ ವಿಮೆ ಇದೆಯೇ ಎಂಬ ನಾಲ್ಕು ವಿಷಯ ಅದರಲ್ಲಿದ್ದರೆ ಸಾಕು.

4. ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ತಿಂಗಳಿಗೊಂದು ದಿನ ಲೀಡ್ ಬ್ಯಾಂಕ್ ಅಧಿಕಾರಿ ಮತ್ತು ಕಾನೂನು ಸೇವಾ ಸಮಿತಿಯ ವಕೀಲರು ಒಟ್ಟಿಗೆ ಕೂತು ಗೃಹಸಾಲದ ಅಹವಾಲು ಕೇಳಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿದೆ. 15100ಕ್ಕೆ ಕರೆ ಮಾಡಿದರೆ ಸಿಗುತ್ತದೆ ಎಂಬ ಫಲಕವನ್ನು ಪ್ರತಿ ಬ್ಯಾಂಕ್ ಶಾಖೆಯಲ್ಲಿ ಹಾಕಿಸಬೇಕು.

ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಾಗ ನಮ್ಮ ಜನ ಸಮಾಧಾನಪಟ್ಟರು. ಆದರೆ ಗೃಹಸಾಲ ಕೊಡುವ ನೋಂದಾಯಿತ ಬ್ಯಾಂಕುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಈ ಕುಟುಂಬಗಳಿಗೆ ತಮ್ಮ ಕಚೇರಿಯೇ ಹತ್ತಿರದ ಆಸರೆ. ಮೇಲಿನ ನಾಲ್ಕಕ್ಕೂ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಮುಂದಿನ ಬ್ಯಾಂಕರುಗಳ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ಕೈಗೊಂಡ ತೀರ್ಮಾನವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ,
ಗುಬ್ಬಿ.