ಶಾಲು ಬೇಡ, ಪಿರಿಯಡ್ ಕೊಡಿ

ಪ್ರತಿ ವರ್ಷ ಸೆಪ್ಟೆಂಬರ್ 5ರಂದು ನಾವು ಶಿಕ್ಷಕರು ಒಂದು ದಿನದ ಮಟ್ಟಿಗೆ ದೇವರಾಗುತ್ತೇವೆ. 6ರ ಬೆಳಿಗ್ಗೆ ಮತ್ತೆ ಗುಮಾಸ್ತರಾಗುತ್ತೇವೆ. ಕಳೆದ ವರ್ಷ ಪುಣೆಯ ಕನ್ನಡ ಬಳಗವೊಂದು ನನಗೂ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಗೌರವಿಸಿತು. ಅವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಸಭೆ ಮುಗಿದು ಊಟಕ್ಕೆ ಕುಳಿತಾಗ ಪಕ್ಕದ ಹಿರಿಯರು, "ನಿಮಗೇನ್ರೀ ಮೇಷ್ಟ್ರೇ, ಸೆಂಟ್ರಲ್ ಗೌರ್ಮೆಂಟ್ ಸಂಬಳ, ಬೇಸಿಗೆ ರಜೆ, ಮಧ್ಯಾಹ್ನಕ್ಕೆಲ್ಲ ಮನೆ" ಎಂದು ನಕ್ಕರು. ವೇದಿಕೆಯ ಮೇಲಿನ ಪೂಜೆಗೂ ಪಂಕ್ತಿಯಲ್ಲಿನ ಈ ಹಂಗಿನ ಮಾತಿಗೂ ಮೂಲ ಒಂದೇ: ಸರ್ಕಾರಿ ಶಾಲೆಯೊಳಗೆ ದಿನವಿಡೀ ಏನು ನಡೆಯುತ್ತದೆ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕೇಂದ್ರ ಸರ್ಕಾರದ ಅಧೀನದ ಶಾಲೆಯೊಂದರಲ್ಲಿ ನಾನು ಹದಿನೇಳು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಸಂಬಳದ ಬಗ್ಗೆ ನನಗೆ ದೂರಿಲ್ಲ. ನಗರಪಾಲಿಕೆ ಶಾಲೆಗಳ ಎಷ್ಟೋ ಗೆಳೆಯರಿಗಿಂತ ನನ್ನ ಸ್ಥಿತಿ ಮೇಲು. ನನ್ನ ಜಗಳವಿರುವುದು ಸಮಯದ ಬಗ್ಗೆ.

ಶಿಕ್ಷಣ ಹಕ್ಕು ಕಾಯ್ದೆಯ ಮೀಸಲಾತಿಯಲ್ಲಿ ಒಂದನೆಯ ತರಗತಿಗೆ ಸೇರಿದ್ದ ಹುಡುಗಿಯೊಬ್ಬಳು ಏಳನೆಯ ತರಗತಿಯಲ್ಲಿ ನನ್ನ ಪಾಲಿಗೆ ಬಂದಳು. ತಂದೆ ತಾಯಿ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಪಾಲಕರ ಸಭೆಯಲ್ಲಿ ನನ್ನ ಕನ್ನಡ ಕೇಳಿದ ತಾಯಿಯ ಮುಖವೇ ಅರಳಿತು. "ಸರ, ನಮ್ ಹುಡುಗಿ ಶಾಣ್ಯಾಕಿ ಆಗ್ತಾಳೇನ್ರಿ?" ಎಂದು ಕೇಳಿದಳು. ಹುಡುಗಿಯ ಅಕ್ಷರ ಮುತ್ತಿನಂತಿತ್ತು. ಕರಿಹಲಗೆಯ ಮೇಲಿದ್ದುದನ್ನು ಒಂದು ತಪ್ಪೂ ಇಲ್ಲದೆ ಬರೆದುಕೊಳ್ಳುತ್ತಿದ್ದಳು. ಬರೆದುದನ್ನು ಓದಲು ಮಾತ್ರ ಬರುತ್ತಿರಲಿಲ್ಲ. ಆರು ವರ್ಷ ಆ ಚೆಂದದ ಅಕ್ಷರವೇ ಅವಳ ಕೊರತೆಯನ್ನು ಮುಚ್ಚಿಟ್ಟಿತ್ತು.

ದಿನಕ್ಕೆ ಇಪ್ಪತ್ತು ನಿಮಿಷ, ನನ್ನ ಬಿಡುವಿನ ಪಿರಿಯಡ್‌ನಲ್ಲಿ ಅವಳನ್ನು ಕೂರಿಸಿಕೊಂಡು ಓದಿಸತೊಡಗಿದೆ. ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಓಡಿಬಂದಳು. ಅಪ್ಪನ ಸೈಟಿನಲ್ಲಿ ಹೆಲ್ಮೆಟ್ ಇಲ್ಲದೆ ಪ್ರವೇಶವಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದ ಫಲಕವನ್ನು ಅಪ್ಪನಿಗೇ ಓದಿ ಹೇಳಿದಳಂತೆ. ಅಪ್ಪನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ ಎಂಬುದನ್ನೂ ಹೇಳಿದಳು. ನನ್ನ ವೃತ್ತಿಯ ಪ್ರತಿಫಲವೇನು ಎಂದು ಕೇಳುವವರಿಗೆ ನಾನು ಕೊಡಬಲ್ಲ ಉತ್ತರ ಇದು. ಯಾವ ಶಾಲೂ ಇದಕ್ಕೆ ಸಮವಲ್ಲ.

ಆಮೇಲೆ ಚುನಾವಣೆಯ ತರಬೇತಿ ಬಂತು. ಅದರ ಬೆನ್ನಿಗೆ ವಿದ್ಯಾರ್ಥಿಗಳ ಡಿಜಿಟಲ್ ಗುರುತಿನ ಸಂಖ್ಯೆಯ ಕೆಲಸ. ಆಧಾರ್‌ನಲ್ಲಿರುವ ಹೆಸರಿಗೂ ಶಾಲೆಯ ದಾಖಲೆಯಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಸಂಖ್ಯೆ ಸಿಗುವುದಿಲ್ಲ. ಅದೇ ಹುಡುಗಿಯ ಹೆಸರಿನಲ್ಲೂ ಅಂಥ ವ್ಯತ್ಯಾಸವಿತ್ತು. ಅವಳಿಗೆ ಕಾಗುಣಿತ ಕಲಿಸಬೇಕಾದ ಹೊತ್ತಿನಲ್ಲಿ ಅವಳ ಹೆಸರಿನ ಕಾಗುಣಿತ ತಿದ್ದುತ್ತ ಕಂಪ್ಯೂಟರ್ ಮುಂದೆ ಕುಳಿತಿದ್ದೆ. ಆರು ವಾರಗಳ ನಂತರ ಬಿಡುವು ಸಿಕ್ಕಿತು, ಅವಳು ಬರಲಿಲ್ಲ. "ಸರ್ ಬಿಜಿ ಇರ್ತಾರೆ" ಎಂದು ಗೆಳತಿಗೆ ಹೇಳಿದ್ದಳಂತೆ. ಬಿಟ್ಟ ಜಾಗದಿಂದ ಮತ್ತೆ ಹಿಡಿಯಲು ಆ ವರ್ಷ ಸಾಲಲಿಲ್ಲ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಶಿಕ್ಷಕರನ್ನು ಅನ್ಯ ಕೆಲಸಗಳಿಗೆ ಹಚ್ಚಬಾರದೆನ್ನುತ್ತದೆ. ಮರುಉಸಿರಿನಲ್ಲೇ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಹೊರಗಿಡುತ್ತದೆ. ಪಾಠದ ದಿನಗಳಲ್ಲಿ, ಪಾಠದ ಸಮಯದಲ್ಲಿ ಶಿಕ್ಷಕರನ್ನು ಸಾಮಾನ್ಯವಾಗಿ ಚುನಾವಣೆಯ ಕೆಲಸಕ್ಕೆ ಕರೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲೇ ಹೇಳಿದೆ. ಕಾಯ್ದೆಯ ಅನುಸೂಚಿ ಶಿಕ್ಷಕನ ವಾರದ ದುಡಿಮೆಯನ್ನು ಕನಿಷ್ಠ 45 ಗಂಟೆ ಎಂದು ನಿಗದಿಮಾಡಿದೆ, ಪಾಠದ ಸಿದ್ಧತೆಯನ್ನೂ ಅದರಲ್ಲಿ ಸೇರಿಸಿದೆ. ಸಿದ್ಧತೆಯೂ ದುಡಿಮೆಯೆಂದು ಕಾನೂನು ಒಪ್ಪಿರುವುದನ್ನು ಪಂಕ್ತಿಯ ಹಿರಿಯರು ಗಮನಿಸಬೇಕು.

ಈ ಕೆಲಸಗಳನ್ನು ಯಾರಾದರೂ ಮಾಡಲೇಬೇಕಲ್ಲ ಎಂಬ ವಾದವಿದೆ. ಮಾಡಲೇಬೇಕು, ನಿಜ. ಆದರೆ ಪ್ರತಿ ಸಲವೂ ಶಿಕ್ಷಕನೇ ಏಕೆ? ಕಚೇರಿಯ ಕೌಂಟರ್ ಮುಚ್ಚಿದರೆ ಸರತಿಯಲ್ಲಿ ನಿಂತವರು ಕೂಗಾಡುತ್ತಾರೆ. ತರಗತಿಗೆ ಮೇಷ್ಟ್ರು ಬಾರದಿದ್ದರೆ ಮಕ್ಕಳು ಕುಣಿದಾಡುತ್ತಾರೆ. ದೂರು ಬಾರದ ಜಾಗದಿಂದ ಜನರನ್ನು ಎತ್ತುವುದು ಆಡಳಿತಕ್ಕೆ ಸುಲಭ. ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳುತ್ತೇನೆ: ನಮ್ಮಲ್ಲಿ ಕೆಲವರಿಗೆ ಈ ಕೆಲಸಗಳೇ ಆಸರೆ. ಪಾಠ ಏಕೆ ಮುಗಿದಿಲ್ಲ ಎಂದರೆ ತೋರಿಸಲು ಒಂದು ಆದೇಶಪತ್ರ ಸದಾ ಜೇಬಿನಲ್ಲಿರುತ್ತದೆ. ಅಂಥವರ ನೆಪವನ್ನು ಕಸಿದುಕೊಳ್ಳುವುದಕ್ಕಾದರೂ ಈ ಹೊರೆ ಇಳಿಯಬೇಕು.

ಆದ್ದರಿಂದ ಬಳಗದ ಗೆಳೆಯರಲ್ಲಿ ನನ್ನದೊಂದು ಬಿನ್ನಹ. ನಮ್ಮಲ್ಲಿ ಬಹುಪಾಲು ಜನರ ಮಕ್ಕಳು ಸರ್ಕಾರಿ ಶಾಲೆಯಲ್ಲಿಲ್ಲ; ನಮ್ಮ ಮನೆಗೆಲಸದವರ, ಕಾವಲುಗಾರರ ಮಕ್ಕಳು ಅಲ್ಲಿದ್ದಾರೆ. ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕೆಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತು? ಅವರಿಗೆ ಇದನ್ನು ತಿಳಿಸಿ. ಕಳೆದ ವರ್ಷ ಎಷ್ಟು ಪಿರಿಯಡ್ ತಪ್ಪಿತು, ಏಕೆ ತಪ್ಪಿತು ಎಂದು ಕೇಳುವ ಅರ್ಜಿಯನ್ನು ಬರೆದುಕೊಡಿ. ಬರೆಯಲು ಬರುವ ನಾವು ಅವರಿಗಾಗಿ ಅಷ್ಟಾದರೂ ಮಾಡಬಹುದು. ಮುಂದಿನ ಸೆಪ್ಟೆಂಬರ್ 5ಕ್ಕೆ ನನ್ನನ್ನು ಕರೆಯುವುದಾದರೆ, ಅಂಥ ಒಂದು ಅರ್ಜಿಗೆ ಬಂದ ಉತ್ತರವನ್ನು ವೇದಿಕೆಯ ಮೇಲೆ ಓದಿ. ನಾನು ಖಂಡಿತ ಬರುತ್ತೇನೆ.