ಅಜ್ಜಿಗೊಂದು ಟ್ರ್ಯಾಕ್, ಅಮ್ಮನಿಗೊಂದು ಟ್ರ್ಯಾಕ್

ಅಮ್ಮನ ಥೈರಾಯ್ಡ್ ಗಂಟಿಗೆ ಆಪರೇಷನ್ ಅಂತ ನಿಗದಿಯಾದಾಗ ನಮ್ಮ ಕೈಲಿದ್ದದ್ದು ಮೂರು ವಾರ. ಡಾಕ್ಟರು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಧ್ವನಿಪೆಟ್ಟಿಗೆಗೆ ಹೋಗುವ ನರಗಳು ಆ ಗ್ರಂಥಿಯ ಪಕ್ಕದಲ್ಲೇ ಹಾದುಹೋಗ್ತವಂತೆ. ಹೆಚ್ಚಿನವರಿಗೆ ಏನೂ ಆಗೋದಿಲ್ಲ, ಕೆಲವರಿಗೆ ಒಂದಷ್ಟು ದಿನ ಧ್ವನಿ ಒಡೆದ ಹಾಗಿರುತ್ತೆ, ಅಪರೂಪಕ್ಕೆ ಹಾಗೇ ಉಳಿದುಬಿಡುತ್ತೆ ಅಂದರು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹಾಡ್ಲಿಕ್ಕೆ ಆಗ್ತದಾ ಡಾಕ್ಟ್ರೇ?"

ಅಮ್ಮ ಕಛೇರಿ ಮಾಡುವವಳಲ್ಲ. ತೀರ್ಥಹಳ್ಳಿ ಕಡೆಯ ಮದುವೆ ಮನೆಗಳಲ್ಲಿ ಹಸೆಗೆ ಕರೆಯುವ ಹಾಡು, ಎಣ್ಣೆ ಶಾಸ್ತ್ರದ ಹಾಡು, ಆರತಿ ಹಾಡು ಹೇಳಿಕೊಂಡು ಬಂದವಳು. ಅಷ್ಟನ್ನೂ ಕಲಿತದ್ದು ಅಜ್ಜಿಯಿಂದ. ನಾನೋ, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡು, ಒಂದು ಹಾಡನ್ನೂ ಪೂರ್ತಿ ಕಲಿಯದೆ, "ಆಮೇಲೆ ರೆಕಾರ್ಡ್ ಮಾಡೋಣಮ್ಮಾ" ಅಂತ ಹತ್ತು ವರ್ಷ ತಳ್ಳಿದವಳು. ಆ 'ಆಮೇಲೆ'ಗೆ ಈಗ ತಾರೀಖು ಬಿದ್ದಿತ್ತು.

ನಮ್ಮ ಬಾಡಿಗೆ ಮನೆಯ ಎರಡನೇ ಬೆಡ್‌ರೂಮಿಗೆ ನಾನು ಸ್ಟುಡಿಯೊ ಅಂತೀನಿ, ನನ್ನ ಗಂಡ ಗೋಡೌನ್ ಅಂತಾನೆ. ಅಲ್ಲಿ ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕು, ಒಂದು ಜೊತೆ ಹೆಡ್‌ಫೋನ್ ಇವೆ. ಇದಕ್ಕೂ ಮೊದಲು ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಮಿಕ್ಸರ್ ಒಂದನ್ನು ತಂದಿದ್ದೆ. ನೋಡೋಕೆ ಗಮ್ಮತ್ತಾಗಿತ್ತು, ಬಣ್ಣಬಣ್ಣದ ಗುಬುಟುಗಳು. ಆದರೆ ನನ್ನ ಮಿಕ್ಸರ್‌ನಿಂದ ಕಂಪ್ಯೂಟರಿಗೆ ಬರುತ್ತಿದ್ದದ್ದು ಎಲ್ಲ ಸೇರಿಸಿದ ಒಂದೇ ಸ್ಟೀರಿಯೊ. ಮೈಕೂ ಅದರಲ್ಲೇ, ಕೀಬೋರ್ಡೂ ಅದರಲ್ಲೇ. ಆಮೇಲೆ ಕೀಬೋರ್ಡ್ ಜಾಸ್ತಿಯಾಯ್ತು ಅನಿಸಿದರೆ ಏನೂ ಮಾಡೋಕಾಗಲ್ಲ. ಸಾರಿಗೆ ಬಿದ್ದ ಉಪ್ಪನ್ನು ವಾಪಸ್ ತೆಗೆಯೋಕಾಗುತ್ತಾ?

ಅದಕ್ಕೇ ಈಗ ಮಿಕ್ಸಿಂಗ್ ಎಲ್ಲ ಲ್ಯಾಪ್‌ಟಾಪ್ ಒಳಗೇ. ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಅನ್ನೋ ಸಾಫ್ಟ್‌ವೇರ್, ಬಳಸುವವರ ಬಾಯಲ್ಲಿ 'ಡಾ'. ನನ್ನದು ರೀಪರ್. ವಿನ್‌ಆಂಪ್ ನೆನಪಿದೆಯಲ್ಲ, ಎಂಪಿ3 ಕಾಲದ ಪ್ಲೇಯರು? ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಶುರು ಮಾಡಿದ್ದು. 60 ದಿನ ಸುಮ್ಮನೆ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಲೈಸೆನ್ಸಿಗೆ 60 ಡಾಲರ್. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತೆ, ಶುರುವಿಗೆ ಅದು ಸಾಕೇ ಸಾಕು.

ಇದು ಕೆಲಸ ಮಾಡುವ ರೀತಿ ಹೇಳಬೇಕು ಅಂದರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ನೆನೆಸಿಕೊಳ್ಳಿ. ಎಲ್ಲೆಲ್ಲಿಂದಲೋ ಬಂದವರೆಲ್ಲ ಅಲ್ಲಿಗೇ ಬರಬೇಕು, ಆದರೆ ಒಬ್ಬೊಬ್ಬರದು ಒಂದೊಂದು ಪ್ಲಾಟ್‌ಫಾರಂ. ಅಮ್ಮನ ಮೈಕ್ ಒಂದು ಟ್ರ್ಯಾಕ್. ಫೋನಿನ ತಂಬೂರಿ ಆ್ಯಪ್ ಒಂದು ಟ್ರ್ಯಾಕ್. ಮೈಸೂರಿನಲ್ಲಿರುವ ಅಣ್ಣ ಕಳಿಸಿದ ತಬಲ ಒಂದು ಟ್ರ್ಯಾಕ್. ಸೌಂಡ್ ಭಾಷೆಯಲ್ಲೂ ಇವನ್ನೆಲ್ಲ ಹತ್ತಿಸಿಕೊಂಡು ಹೋಗುವ ದಾರಿಗೆ ಬಸ್ ಅಂತಲೇ ಹೆಸರು, ತಮಾಷೆಗೆ ಹೇಳ್ತಿಲ್ಲ. ಧ್ವನಿಗಳಿಗೊಂದು ಬಸ್, ವಾದ್ಯಗಳಿಗೊಂದು ಬಸ್, ಕೊನೆಗೆ ಎಲ್ಲ ಸೇರಿ ಮಾಸ್ಟರ್. ರಿವರ್ಬ್ ಕೂಡ ಪ್ರತಿ ಟ್ರ್ಯಾಕಿಗೂ ಬೇರೆ ಬೇರೆ ಹಾಕಬೇಕಿಲ್ಲ. ಒಂದೇ ಟ್ರ್ಯಾಕಿನಲ್ಲಿ ರಿವರ್ಬ್ ಇಟ್ಟು, ಉಳಿದವರಿಂದ ಬೇಕಾದಷ್ಟೇ ಅಲ್ಲಿಗೆ ಕಳಿಸಿದರೆ ಎಲ್ಲರೂ ಒಂದೇ ಜಗಲಿಯಲ್ಲಿ ಕೂತು ಹಾಡಿದ ಹಾಗೆ ಕೇಳುತ್ತೆ.

ಮೊದಲ ಭಾನುವಾರ ಫ್ಯಾನ್ ಆಫ್, ಫ್ರಿಜ್ ಆಫ್, ಬಾಗಿಲಿಗೆ ಎರಡು ರಗ್ಗು, ಅಮ್ಮನ ಬೆನ್ನ ಹಿಂದೆ ಬಟ್ಟೆ ತುಂಬಿದ ವಾರ್ಡ್‌ರೋಬ್ ತೆರೆದಿಟ್ಟೆ. ಹೆಡ್‌ಫೋನ್ ಹಾಕಿ ರೆಕಾರ್ಡ್ ಒತ್ತಿದೆ. ಅಮ್ಮ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು.

"ಎಂತದೇ ಇದು? ನಾನು ಹೇಳಿದ ಮೇಲೆ ಯಾರೋ ಅಣಕಿಸಿದ ಹಾಗೆ ಕೇಳ್ತದೆ."

ತಪ್ಪು ನನ್ನದೇ. ಹಿಂದಿನ ವಾರ ಏನೋ ಮಿಕ್ಸ್ ಮಾಡುವಾಗ ಬಫರ್ ಅನ್ನು 1024 ಸ್ಯಾಂಪಲ್‌ಗೆ ಏರಿಸಿದ್ದೆ, ಹಾಗೇ ಬಿಟ್ಟಿದ್ದೆ. 48 ಕಿಲೋಹರ್ಟ್ಜ್‌ನಲ್ಲಿ ಅಷ್ಟು ಸ್ಯಾಂಪಲ್ ಅಂದರೆ 21 ಮಿಲಿಸೆಕೆಂಡ್. ಧ್ವನಿ ಲ್ಯಾಪ್‌ಟಾಪಿಗೆ ಹೋಗಿ ವಾಪಸ್ ಬರೋ ಹೊತ್ತಿಗೆ ಅದರ ಎರಡರಷ್ಟು. ಹೇಳೋಕೆ ಕಣ್ಣು ಮಿಟುಕಿಸುವುದಕ್ಕಿಂತ ಕಮ್ಮಿ, ಆದರೆ ಹಾಡುವವರ ಕಿವಿಗೆ ನರಕ. 128ಕ್ಕೆ ಇಳಿಸಿದರೆ ಅದೇ ಲೆಕ್ಕ ಮೂರು ಮಿಲಿಸೆಕೆಂಡಿಗಿಂತ ಕೆಳಗೆ ಬರುತ್ತೆ. ರೆಕಾರ್ಡ್ ಮಾಡುವಾಗ ಬಫರ್ ಚಿಕ್ಕದು, ಮಿಕ್ಸ್ ಮಾಡುವಾಗ ದೊಡ್ಡದು. ಇಲ್ಲದಿದ್ದರೆ ಎಫೆಕ್ಟ್‌ಗಳ ಭಾರಕ್ಕೆ ಲ್ಯಾಪ್‌ಟಾಪ್ ತೊದಲುತ್ತೆ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಅಂತ ಇದ್ದರೆ ಇನ್ನೂ ಸಲೀಸು, ಹಾಡುವವರ ಧ್ವನಿ ಲ್ಯಾಪ್‌ಟಾಪಿಗೆ ಹೋಗದೆ ಅಲ್ಲಿಂದಲೇ ಕಿವಿಗೆ ಬರುತ್ತೆ. ಮತ್ತೆ ದಯವಿಟ್ಟು ಬ್ಲೂಟೂತ್ ಇಯರ್‌ಬಡ್ಸ್ ಹಾಕಿಕೊಂಡು ರೆಕಾರ್ಡ್ ಮಾಡೋಕೆ ಹೋಗಬೇಡಿ. ಅದರ ತಡ ಇದೆಲ್ಲಕ್ಕಿಂತ ಜಾಸ್ತಿ.

ಆ ದಿನ ಐದು ಹಾಡು ಆಯ್ತು. ಮೀಟರಿನಲ್ಲಿ ಅಮ್ಮನ ಗಟ್ಟಿ ಸ್ವರವೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲುವ ಹಾಗೆ ನೋಡಿಕೊಂಡೆ. 24 ಬಿಟ್ ರೆಕಾರ್ಡಿಂಗಿನಲ್ಲಿ ಸದ್ದು ಕಮ್ಮಿಯಾದರೆ ಆಮೇಲೆ ಏರಿಸಬಹುದು, ಮೇಲೆ ಹೋಗಿ ಒಡೆದರೆ ಮುಗೀತು. ಮೂರನೇ ಹಾಡಿನ ನಡುವೆ ಬೀದಿಯಲ್ಲಿ ಸೊಪ್ಪಿನವಳು "ದಂಟೂ, ಮೆಂತ್ಯಾ" ಅಂತ ಕೂಗಿದ್ದು ಸೇರಿಹೋಗಿದೆ. ಅದನ್ನು ತೆಗೆಯಲಿಲ್ಲ, ಶ್ರುತಿಯಲ್ಲೇ ಇತ್ತು.

ಅಣ್ಣ ಅಷ್ಟು ದೂರದಿಂದ ಮನಸ್ಸಿಟ್ಟು ತಬಲ ನುಡಿಸಿ ಕಳಿಸಿದ್ದ. ಸೇರಿಸಿ ಕೇಳಿಸಿದೆ. ಅಮ್ಮ ಮುಖ ಸಣ್ಣಗೆ ಮಾಡಿದಳು. "ಹಸೆ ಹಾಡಿಗೆ ಯಾರಾದ್ರೂ ತಬಲ ಹಾಕ್ತಾರಾ? ಅವನಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾನೆ." ಮ್ಯೂಟ್ ಬಟನ್ ಒತ್ತಿದೆ. ಹಳೇ ಮಿಕ್ಸರ್ ಆಗಿದ್ದಿದ್ದರೆ ಅಣ್ಣನೂ ಅಮ್ಮನೂ ಒಂದೇ ಫೈಲಿನಲ್ಲಿ ಸಿಕ್ಕಿಕೊಂಡು ಸಂಸಾರ ಒಡೀತಿತ್ತು. ತಬಲವನ್ನು ಒಂದು ದೇವರನಾಮಕ್ಕೆ ಇಟ್ಟುಕೊಂಡೆವು, ಅಣ್ಣನಿಗೂ ಖುಷಿ.

ಎರಡನೇ ವಾರ ಅಮ್ಮ ಊರಿಂದ ತರಿಸಿದ್ದ ಚೀಲದಿಂದ ಒಂದು ಕ್ಯಾಸೆಟ್ ತೆಗೆದಳು. ಸೋದರಮಾವನ ಮದುವೆಯದ್ದು. ಅದರಲ್ಲಿ ಅಜ್ಜಿ ಹಾಡಿದ್ದಾಳೆ. ಅಜ್ಜಿ ಹೋದಾಗ ನನಗೆ ಆರು ವರ್ಷ, ಅವಳ ಧ್ವನಿ ನನಗೆ ನೆನಪೇ ಇಲ್ಲ.

ಹಳೇ ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಇಂಟರ್‌ಫೇಸಿಗೆ ಕೇಬಲ್ ಎಳೆದೆ. ಮೊದಲು ಬಂದದ್ದು ಗುಂಯ್ ಅನ್ನುವ ಕರೆಂಟಿನ ಸದ್ದು. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಆ ಸದ್ದೂ 50, 100, 150ರಲ್ಲೇ ಕೂತಿರುತ್ತೆ. ಈಕ್ವಲೈಜರಿನಲ್ಲಿ ಆ ಜಾಗಗಳಲ್ಲಿ ಮಾತ್ರ ಸೂಜಿಯಷ್ಟು ಕಿರಿದಾಗಿ ತಗ್ಗಿಸಿದರೆ ಧ್ವನಿಗೆ ಹೆಚ್ಚು ಪೆಟ್ಟಾಗಲ್ಲ. ಆಮೇಲೆ ಪಾತ್ರೆ ಸದ್ದು, ಮಗು ಅಳೋದು, ಯಾರೋ ಗಂಡಸರು ಕೆಮ್ಮೋದು. ಅದರ ನಡುವೆ ಅಜ್ಜಿ.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ತಲೆ ಅಲ್ಲಾಡಿಸಿದಳು. "ಅವಳೇ, ಆದ್ರೆ ಅವಳಲ್ಲ. ಇಷ್ಟು ಗಡಸು ಧ್ವನಿ ಅಲ್ಲ ನಮ್ಮಮ್ಮನದು."

ಟೇಪ್‌ರೆಕಾರ್ಡರಿನ ಬೆಲ್ಟ್ ಸಡಿಲವಾಗಿತ್ತು. ಟೇಪು ನಿಧಾನ ಓಡಿದರೆ ಹಾಡು ನಿಧಾನ ಆಗೋದು ಮಾತ್ರ ಅಲ್ಲ, ಶ್ರುತಿಯೂ ಇಳಿಯುತ್ತೆ. ರೀಪರಿನಲ್ಲಿ ಆ ತುಣುಕಿನ ಪ್ಲೇಬ್ಯಾಕ್ ವೇಗವನ್ನು ಬದಲಿಸಬಹುದು. 'ಶ್ರುತಿ ಹಾಗೇ ಇರಲಿ' ಅನ್ನುವ ಟಿಕ್ ಗುರುತನ್ನು ತೆಗೆದುಬಿಟ್ಟರೆ ಎರಡೂ ಒಟ್ಟಿಗೇ ಏರುತ್ತವೆ, ಥೇಟ್ ಟೇಪಿನ ಹಾಗೆ. ಒಂದು ಪರ್ಸೆಂಟ್ ಏರಿಸಿದೆ, ಊಹೂಂ. ಎರಡು, ಊಹೂಂ. ಐದಕ್ಕೆ ಅಮ್ಮ ನಕ್ಕುಬಿಟ್ಟಳು, "ಚಿಕ್ಕ ಹುಡುಗಿ ಆಗಿಬಿಟ್ಳು." ಮೂರೂವರೆಗೆ ಬಂದಾಗ ಅವಳು ಏನೂ ಹೇಳಲಿಲ್ಲ. ಒಂದು ಸ್ವರಸ್ಥಾನದ ಅರ್ಧಕ್ಕಿಂತ ಒಂಚೂರು ಹೆಚ್ಚು, ಅಷ್ಟೇ ವ್ಯತ್ಯಾಸ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದ್ರ ಜೊತೆ ನಾನೂ ಹೇಳ್ಬಹುದಾ?" ಅಂತ ಕೇಳಿದಳು.

ಕಷ್ಟ ಶುರುವಾದದ್ದು ಅಲ್ಲಿ. ಆ ಟೇಪಿನ ವೇಗ ನಡುನಡುವೆ ತೇಲುತ್ತಿತ್ತು. ತಂಬೂರಿ ಹಾಕಿದರೆ ಒಂದು ಸಾಲು ಸೇರುತ್ತೆ, ಮುಂದಿನ ಸಾಲಿಗೆ ಕಿವಿ ಕಚ್ಚುತ್ತೆ. ಎರಡು ರಾತ್ರಿ ಅಜ್ಜಿಯನ್ನು ತುಂಡು ತುಂಡು ಮಾಡಿ ಒಂದೊಂದು ತುಂಡನ್ನೂ ಶ್ರುತಿಗೆ ಕೂರಿಸಿದೆ. ಕೇಳಿದರೆ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹಾಗಿತ್ತು. ಎಲ್ಲ ಅನ್‌ಡೂ. ಕೊನೆಗೆ ಅಜ್ಜಿ ಹಾಡುವಾಗ ತಂಬೂರಿಯನ್ನೇ ನಿಲ್ಲಿಸಿದೆ. ಅಮ್ಮನ ಸರದಿ ಬಂದಾಗ ಮೆಲ್ಲಗೆ ಬರುವ ಹಾಗೆ ವಾಲ್ಯೂಮ್ ಗೆರೆ ಎಳೆದೆ. ಅಮ್ಮ ಅಜ್ಜಿಯ ಶ್ರುತಿಗೇ ಹೋದಳು, ಟೇಪು ತೇಲಿದಲ್ಲೆಲ್ಲ ತೇಲಿದಳು. ಅದು ಅವಳಿಗೆ ಹೇಗೆ ಬಂತೋ ಗೊತ್ತಿಲ್ಲ, ನನಗಂತೂ ಯಾವ ಪ್ಲಗಿನ್ನಿನಿಂದಲೂ ಆಗಿರಲಿಲ್ಲ.

ಮಿಕ್ಸನ್ನು ಹೆಡ್‌ಫೋನಿನಲ್ಲಿ ಕೇಳಿ ಹಿಗ್ಗಿದ್ದೆ. ಆದರೆ ಇದನ್ನು ಕೇಳುವವರು ದೊಡ್ಡಮ್ಮ, ಚಿಕ್ಕಮ್ಮ, ಅತ್ತೆಯಂದಿರು, ಎಲ್ಲರೂ ಫೋನಿನ ಸ್ಪೀಕರಿನಲ್ಲೇ. ಅಲ್ಲಿ ಹಾಕಿ ನೋಡಿದರೆ ತಂಬೂರಿ ಮಾಯ! ಚಿಕ್ಕ ಸ್ಪೀಕರಿಗೆ ಕೆಳಗಿನ ನಾದ ಹೊರಡಿಸೋಕಾಗಲ್ಲ. ತಂಬೂರಿಯ ವಾಲ್ಯೂಮ್ ಏರಿಸೋದರ ಬದಲು ಅದರ ಮೇಲಿನ ಝೇಂಕಾರವನ್ನು ಸ್ವಲ್ಪ ಎತ್ತಿದೆ, ಅಮ್ಮನ ಧ್ವನಿಯಲ್ಲಿ 80 ಹರ್ಟ್ಜ್‌ಗಿಂತ ಕೆಳಗಿನ ಗದ್ದಲ ಕತ್ತರಿಸಿದೆ. ಮಾಸ್ಟರನ್ನು ಮೋನೋ ಮಾಡಿ ಒಂದು ಸಲ, ಫೋನಿನಲ್ಲಿ ಒಂದು ಸಲ, ಗಂಡನ ಕಾರಿನಲ್ಲಿ ಒಂದು ಸಲ ಕೇಳಿದೆ. ಅಮ್ಮನ ಬಳೆ ಸದ್ದು, ಸಾಲಿಗೆ ಮೊದಲು ಎಳೆದುಕೊಳ್ಳುವ ಉಸಿರು, ಇವನ್ನೂ ಮೊದಲು ಒರೆಸಿ ಹಾಕಿದ್ದೆ. ಗಂಡ ಕಾರಿನಲ್ಲಿ ಕೇಳಿ, "ಅತ್ತೆ ಎಲ್ಲೋ ದೂರ ಹೋಗಿದ್ದಾರಲ್ಲ" ಅಂದ. ವಾಪಸ್ ತಂದೆ.

ಆಪರೇಷನ್ನಿನ ಹಿಂದಿನ ರಾತ್ರಿ ಎಂಪಿ3 ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಪ್ರಾಜೆಕ್ಟ್ ಫೋಲ್ಡರ್, ಅಂದರೆ ಬಿಡಿ ಟ್ರ್ಯಾಕ್‌ಗಳೆಲ್ಲ ಇರುವ ಮೂಲ, ಎರಡು ಹಾರ್ಡ್‌ಡಿಸ್ಕಿನಲ್ಲಿದೆ. ಎಂಪಿ3 ಇದ್ದರೆ ಸಾಕು ಅಂತ ಅದನ್ನು ಅಳಿಸಿಬಿಡಬೇಡಿ, ಸ್ಪೇಸ್ ಸಾಲದಿದ್ದರೆ ಸೀರಿಯಲ್ ಅಳಿಸಿ.

ಈಗ ಎಂಟು ವಾರ ಆಯ್ತು. ಗಂಟು ಅಪಾಯದ್ದಲ್ಲ ಅಂತ ರಿಪೋರ್ಟ್ ಬಂತು. ಮಾತು ಸರಿಯಾಗಿದೆ, ಆದರೆ ಹಾಡೋಕೆ ಹೋದರೆ ಮೇಲಿನ ಷಡ್ಜ ಮುಟ್ಟೋಕೆ ಆಗ್ತಿಲ್ಲ, ಧ್ವನಿ ಅರ್ಧದಲ್ಲೇ ಗಾಳಿಯಾಗುತ್ತೆ. ಡಾಕ್ಟರು ಇನ್ನೂ ಕೆಲವು ತಿಂಗಳು ಕಾಯಿರಿ ಅಂದಿದ್ದಾರೆ. ಅಮ್ಮ ಅದರ ಬಗ್ಗೆ ಮಾತಾಡೋದಿಲ್ಲ, ಕುಕ್ಕರ್ ಇಡುವಾಗ ಗುನುಗೋದನ್ನೂ ನಿಲ್ಲಿಸಿದ್ದಳು.

ಮೊನ್ನೆ ಶನಿವಾರ ನಾನು ಆಫೀಸ್ ಕಾಲ್ ಮುಗಿಸುವಷ್ಟರಲ್ಲಿ ಗೋಡೌನ್ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹೆಡ್‌ಫೋನ್.

"ಆ ಆರತಿ ಹಾಡಿನದ್ದು ತೆಗಿಯೇ. ನಂಗೆ ಇನ್ನೊಂದು ಟ್ರ್ಯಾಕ್ ಕೊಡು."

ಅವಳದು ಐದೂವರೆ ಮನೆ ಶ್ರುತಿ. ತಂಬೂರಿ ಆ್ಯಪನ್ನು ನಾಲ್ಕಕ್ಕೆ ಇಳಿಸಿದೆ, ಏನೂ ಹೇಳದೆ. ಅವಳೂ ಕೇಳಲಿಲ್ಲ. ಹೊಸ ಟ್ರ್ಯಾಕಿಗೆ 'ಅಮ್ಮ 2' ಅಂತ ಹೆಸರು ಕೊಟ್ಟು, ಬಫರ್ 128 ಇದೆಯಾ ಅಂತ ಎರಡು ಸಲ ನೋಡಿ, ಫ್ಯಾನ್ ಆಫ್ ಮಾಡಿದೆ.